ಓದೋದಕ್ಕೆ ಕೋಚಿಂಗ್ ಇದೆ, ಕಾಯೋದಕ್ಕೆ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರು, ಪಿಜಿ ಟೆರೇಸ್ ಮೇಲೆ ಓಡಾಡ್ತಿರೋರು, ಪುಸ್ತಕ ತೆಗೆದಿಟ್ಟು ‘ಇದೊಂದು ಕೇಳಿ ಶುರು ಮಾಡ್ತೀನಿ’ ಅಂತ ಅಂದ್ಕೊಂಡಿರೋರು, ಎಲ್ರಿಗೂ ಸ್ವಾಗತ.

ಹೋದ ಸಂಚಿಕೆಯಲ್ಲಿ ಮೊದಲನೇ ಸಂಬಳವನ್ನ ಹೇಗೆ ಖರ್ಚು ಮಾಡಬೇಕು, ಹೇಗೆ ಉಳಿಸಬೇಕು ಅಂತ ಮಾತಾಡಿದ್ದೆ. ಅದನ್ನ ಕೇಳಿದ ಒಬ್ಬರು ರಾತ್ರಿ ಒಂದೂವರೆಗೆ ಮೆಸೇಜ್ ಹಾಕಿದ್ರು. ಅವರ ಅನುಮತಿ ತಗೊಂಡು ಓದ್ತಿದೀನಿ. “ಅಕ್ಕಾ, ಸಂಬಳ ಬಂದ್ಮೇಲೆ ಏನ್ ಮಾಡ್ಬೇಕು ಅಂತ ಹೇಳಿದ್ರಿ. ನಾನು ನಾಲ್ಕು ವರ್ಷದಿಂದ ಕಾಂಪಿಟೇಟಿವ್ ಎಕ್ಸಾಮ್‌ಗೆ ಓದ್ತಿದೀನಿ. ಓದೋಕೆ ಆಗ್ತಿದೆ. ಕಾಯೋಕೆ ಆಗ್ತಿಲ್ಲ.”

ಇಷ್ಟೇ. ಇದಕ್ಕೆ ಒಂದು ಸಾಲಿನ ಉತ್ತರ ಬರೆಯೋಕೆ ನನಗೆ ಆಗಲಿಲ್ಲ. ಅದಕ್ಕೇ ಈ ಸಂಚಿಕೆ.

ಮೊದಲೇ ಹೇಳಿಬಿಡ್ತೀನಿ. ನಾನು ಡಾಕ್ಟರ್ ಅಲ್ಲ, ಕೌನ್ಸೆಲರ್ ಅಲ್ಲ. ಬಿ.ಕಾಂ. ಮಾಡಿದವಳು. ಆದ್ರೆ ಆ ಮೆಸೇಜ್ ಬರೆದವರು ಕೂತಿರೋ ಜಾಗದಲ್ಲಿ ನಾನೂ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಕೂತಿದ್ದೆ. ಜಾಗ ಧಾರವಾಡ. ಸಪ್ತಾಪುರದ ಹತ್ತಿರ ಒಂದು ರೂಮು, ಇಬ್ಬರು ಹುಡುಗೀರು, ಒಂದು ಕಿಟಕಿ. ಬೆಳಗ್ಗೆ ಆರಕ್ಕೆ ರೀಡಿಂಗ್ ರೂಮ್, ಮಧ್ಯಾಹ್ನ ಖಾನಾವಳಿಯ ರೊಟ್ಟಿ ಡಬ್ಬಿ, ರಾತ್ರಿ ಹನ್ನೊಂದರವರೆಗೆ ಮತ್ತೆ ರೀಡಿಂಗ್ ರೂಮ್. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಓದಿದವರಿಗೆ ಈ ದಿನಚರಿ ಬಿಡಿಸಿ ಹೇಳಬೇಕಾಗಿಲ್ಲ.

ಎಕ್ಸಾಮ್ ಸ್ಟ್ರೆಸ್ ಬಗ್ಗೆ ನಾವು ಕೇಳೋ ಸಲಹೆಗಳೆಲ್ಲ ಓದಿನ ಬಗ್ಗೆ ಇರುತ್ತೆ. ಟೈಮ್ ಟೇಬಲ್ ಹಾಕ್ಕೊಳ್ಳಿ, ಬೆಳಗ್ಗೆ ಬೇಗ ಏಳಿ, ಪ್ರಾಣಾಯಾಮ ಮಾಡಿ, ಹಳೇ ಪ್ರಶ್ನೆಪತ್ರಿಕೆ ಬಿಡಿಸಿ. ಎಲ್ಲ ಸರಿ. ಆದ್ರೆ ನನ್ನ ಅನುಭವದಲ್ಲಿ, ನನ್ನ ಜೊತೆ ಓದಿದವರ ಅನುಭವದಲ್ಲಿ, ನಮ್ಮನ್ನ ಸುಸ್ತು ಮಾಡಿದ್ದು ಭಾರತದ ಸಂವಿಧಾನವೂ ಅಲ್ಲ, ಮೆಂಟಲ್ ಎಬಿಲಿಟಿಯೂ ಅಲ್ಲ. ಯಾವಾಗ ಅಂತ ಗೊತ್ತಿಲ್ಲದೇ ಇರೋದು. ಪಿಯುಸಿಯಲ್ಲೂ ಟೆನ್ಷನ್ ಇತ್ತು, ಆದ್ರೆ ಮಾರ್ಚ್ ಬಂದ್ರೆ ಪರೀಕ್ಷೆ ಮುಗಿಯುತ್ತೆ ಅಂತ ಗೊತ್ತಿತ್ತು. ಇಲ್ಲಿ ಹಾಗಲ್ಲ.

ಇದು ನಮ್ಮ ಮನಸ್ಸಿನ ದೌರ್ಬಲ್ಯ ಅಂತ ಯಾರಾದ್ರೂ ಹೇಳಿದ್ರೆ, ಎಲ್ರಿಗೂ ಗೊತ್ತಿರೋ ಕೆಲವು ದಿನಾಂಕಗಳನ್ನ ನೆನಪು ಮಾಡಿಕೊಡಿ. 2021ರ ಜನವರಿ 24ಕ್ಕೆ ಎಫ್‌ಡಿಎ ಪರೀಕ್ಷೆ ಇತ್ತು. ಹಿಂದಿನ ದಿನ ಪ್ರಶ್ನೆಪತ್ರಿಕೆ ಸೋರಿಕೆ ಆಗಿರೋದು ಗೊತ್ತಾಗಿ ಮುಂದಕ್ಕೆ ಹೋಯ್ತು, ಫೆಬ್ರುವರಿ 28ಕ್ಕೆ ನಡೀತು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ಕ್ಕೆ ಪರೀಕ್ಷೆ ಆಯ್ತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯ್ತು. ಮರುಪರೀಕ್ಷೆ ಆಗಿದ್ದು 2024ರ ಜನವರಿ 23ಕ್ಕೆ. ಲೆಕ್ಕ ಹಾಕಿ, ಎರಡು ವರ್ಷ ಮೂರೂವರೆ ತಿಂಗಳು. ಯಾವ ತಪ್ಪೂ ಮಾಡದೆ ಬರೆದವರೂ ಅಷ್ಟೇ ದಿನ ಕಾದ್ರು. 384 ಹುದ್ದೆಗಳ ಕೆಎಎಸ್ ಪ್ರಿಲಿಮ್ಸ್ 2024ರ ಆಗಸ್ಟ್ 27ಕ್ಕೆ ನಡೀತು, ಕನ್ನಡ ಅನುವಾದದ ತಪ್ಪುಗಳಿಂದ ಗಲಾಟೆಯಾಗಿ ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದ್ರು. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ, ಒಳಮೀಸಲಾತಿ ತೀರ್ಮಾನ ಆಗೋವರೆಗೆ ಹೊಸ ನೇಮಕಾತಿಯ ಅಧಿಸೂಚನೆ ಬೇಡ ಅಂತ ಸರ್ಕಾರ ನಿಲ್ಲಿಸ್ತು.

ಪ್ರತಿಯೊಂದಕ್ಕೂ ಅದರದ್ದೇ ಕಾರಣ ಇದೆ. ಯಾವುದು ಸರಿ, ಯಾವುದು ತಪ್ಪು ಅನ್ನೋ ಚರ್ಚೆಗೆ ಇವತ್ತು ಹೋಗಲ್ಲ. ನಾನು ಹೇಳೋದು ಇಷ್ಟು: ಯುಪಿಎಸ್‌ಸಿ ವರ್ಷಕ್ಕೆ ಮೊದಲೇ ಪರೀಕ್ಷೆಗಳ ಕ್ಯಾಲೆಂಡರ್ ಕೊಡುತ್ತೆ. ಅಲ್ಲಿ ಪೈಪೋಟಿ ಭಯಂಕರ, ಆದ್ರೆ ದಿನಾಂಕ ಇದೆ. ನಮ್ಮ ರಾಜ್ಯದ ಪರೀಕ್ಷೆಗಳಿಗೆ ಓದೋರಿಗೆ ಪೈಪೋಟಿಯೂ ಇದೆ, ದಿನಾಂಕವೂ ಇಲ್ಲ. ಇದು ಎರಡು ಬೇರೆ ಬೇರೆ ಭಾರ. ಎರಡನೇ ಭಾರಕ್ಕೆ ಯಾವ ಕ್ಲಾಸಲ್ಲೂ ನೋಟ್ಸ್ ಕೊಡಲ್ಲ.

ಕಾಯೋದು ಹೊರಗಿಂದ ನೋಡೋರಿಗೆ ಕಾಣಲ್ಲ. ಹುಡುಗಿ ರೂಮಲ್ಲಿ ಕೂತಿದಾಳೆ, ಪುಸ್ತಕ ತೆರೆದಿದೆ, ಇನ್ನೇನು ಕಷ್ಟ? ಒಳಗೆ ಏನಾಗ್ತಿರುತ್ತೆ ಅಂದ್ರೆ, ದೇಹ ಯಾವುದೋ ಅಪಾಯಕ್ಕೆ ತಯಾರಾಗಿ ನಿಂತಿರುತ್ತೆ, ಆದ್ರೆ ಮಾಡೋಕೆ ಕೆಲಸ ಇಲ್ಲ. ಅದಕ್ಕೇ ಕೈ ಫೋನಿಗೆ ಹೋಗುತ್ತೆ. ಟೆಲಿಗ್ರಾಮ್ ಗ್ರೂಪ್ ತೆಗಿ, ‘ಬಲ್ಲ ಮೂಲಗಳ ಪ್ರಕಾರ ಮುಂದಿನ ವಾರ ನೋಟಿಫಿಕೇಷನ್’ ಅಂತ ಯಾರೋ ಹಾಕಿರ್ತಾರೆ. ಖುಷಿ. ಒಂದು ಗಂಟೆ ಬಿಟ್ಟು ಇನ್ನೊಬ್ಬ ‘ಎಲ್ಲ ಸುಳ್ಳು’ ಅಂತ ಹಾಕಿರ್ತಾನೆ. ಮತ್ತೆ ಕುಸಿತ. ನೋಟಿಫಿಕೇಷನ್ ಅನ್ನೋ ಪದ ನೋಡಿ, ಸರ್ಕಾರದ್ದಕ್ಕೂ ಅದೇ ಹೆಸರು, ಫೋನಿನದ್ದಕ್ಕೂ ಅದೇ ಹೆಸರು. ಮೊದಲನೇದು ಬರಲ್ಲ, ಎರಡನೇದು ನಿಲ್ಲಲ್ಲ. ನಾನು ಒಂದು ದಿನ ಎಣಿಸಿದ್ದೆ, ಬೆಳಗ್ಗೆಯಿಂದ ಮಧ್ಯಾಹ್ನದ ಊಟದೊಳಗೆ ನಲವತ್ತಮೂರು ಸಲ ನೋಡಿದ್ದೆ. ಅಷ್ಟೂ ಸಲ ಏನೂ ಬಂದಿರಲಿಲ್ಲ.

ಈಗ ನನ್ನ ಕಥೆ. ಯಾವ ಪರೀಕ್ಷೆ ಅಂತ ಹೇಳಲ್ಲ, ಅದು ಮುಖ್ಯ ಅಲ್ಲ. 2021ರಲ್ಲಿ ನಾನು ತುಂಬಾ ಚೆನ್ನಾಗಿ ತಯಾರಾಗಿದ್ದ ಒಂದು ಪರೀಕ್ಷೆ ಎರಡನೇ ಸಲ ಮುಂದಕ್ಕೆ ಹೋಯ್ತು. ಅವತ್ತು ಅಳಲಿಲ್ಲ. ರೂಮ್‌ಮೇಟ್ ಜೊತೆ ಮಿರ್ಚಿ ತಿಂದು, ಜೋಕ್ ಮಾಡಿ ಮಲಗಿದೆ. ಆದ್ರೆ ನಿದ್ದೆ ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಮೂರು ಗಂಟೆಗೆ ಎಚ್ಚರ, ಎದೆ ಡಬಡಬ. ಪುಸ್ತಕದ ಒಂದೇ ಪುಟವನ್ನ ಅರ್ಧ ಗಂಟೆ ನೋಡ್ತಿದ್ದೆ, ಒಂದಕ್ಷರ ಒಳಗೆ ಹೋಗ್ತಿರಲಿಲ್ಲ. ‘ಸೋಮಾರಿ ಆಗಿದೀಯ’ ಅಂತ ನನ್ನನ್ನ ನಾನೇ ಬೈಕೊಂಡು, ಓದೋ ಸಮಯವನ್ನ ಹತ್ತರಿಂದ ಹನ್ನೆರಡು ಗಂಟೆಗೆ ಏರಿಸಿದೆ. ಇನ್ನೂ ಹಾಳಾಯ್ತು.

ಅಪ್ಪ ದಿನಾ ಸಂಜೆ ಫೋನ್ ಮಾಡ್ತಿದ್ರು. ಅವರು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೇಲಿ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು, ಕೀರ್ದಿ ಬರೆಯೋದು ಅವರ ಕೆಲಸ. “ಊಟ ಆತೇನವ್ವಾ?” ಅಂತಿದ್ರು. “ಹೂಂನಪ್ಪಾ, ಆತು” ಅಂತಿದ್ದೆ. ಆಗಿರ್ತಿರಲಿಲ್ಲ. ಎರಡೂವರೆ ಸಾವಿರ ರೂಪಾಯಿ ರೂಮ್ ಬಾಡಿಗೆ ಕಳಿಸೋ ಮನುಷ್ಯನಿಗೆ ನಿದ್ದೆ ಬರ್ತಿಲ್ಲ ಅಂತ ಹೇಗೆ ಹೇಳೋದು?

ಮೊದಲು ಗಮನಿಸಿದ್ದು ಖಾನಾವಳಿಯ ಅಜ್ಜಿ. ಒಂದು ದಿನ ಡಬ್ಬಿ ಕೊಡೋಕೆ ಹೋದಾಗ ನಿಲ್ಲಿಸಿ ಕೇಳಿದ್ರು, “ಯಾಕವ್ವಾ, ನಾಲ್ಕ ದಿವಸ ಆತು, ಡಬ್ಬಿ ಹಂಗ ವಾಪಸ್ ಬರಾಕತ್ತೈತಿ. ಅಡಿಗಿ ಸೇರವಲ್ದೇನು?” ಆ ಪ್ರಶ್ನೆಗೆ ನಾನು ಅಲ್ಲೇ ಕಟ್ಟೆ ಮೇಲೆ ಕೂತು ಅತ್ತುಬಿಟ್ಟೆ. ಅಜ್ಜಿ ಏನೂ ಉಪದೇಶ ಮಾಡಲಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟು, “ಡಾಕ್ಟರ್ ಕಡೆ ಹೋಗಿ ಬಾ” ಅಂದ್ರು.

ಯಾವ ಡಾಕ್ಟರ್? ನಮ್ಮ ಕಡೆ ಯಾರಾದ್ರೂ ಸ್ವಲ್ಪ ಎಡವಟ್ಟಾಗಿ ಮಾತಾಡಿದ್ರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಅಂತ ನಗ್ತಾರೆ. ಯಾಕಂದ್ರೆ ಹಳೇ ಮಾನಸಿಕ ಆಸ್ಪತ್ರೆ ಇರೋದು ಧಾರವಾಡದಲ್ಲಿ. ಈಗ ಅದು ಡಿಮ್ಹಾನ್ಸ್, ಡಾಕ್ಟರುಗಳನ್ನ ತಯಾರು ಮಾಡೋ ಸಂಸ್ಥೆ. ಆದ್ರೆ ಊರಿನ ಜೋಕು ಹಾಗೇ ಉಳಿದಿದೆ. ನಾನು ಅದೇ ಧಾರವಾಡದಲ್ಲಿದ್ದೆ, ಆಸ್ಪತ್ರೆ ಆಟೋದಲ್ಲಿ ಹೋಗೋವಷ್ಟು ಹತ್ತಿರ ಇತ್ತು. ಹೋಗೋಕೆ ಹನ್ನೊಂದು ದಿನ ತಗೊಂಡೆ. ದುಪಟ್ಟಾ ಮುಖಕ್ಕೆ ಸುತ್ಕೊಂಡು ಹೋದೆ. ಒಳಗೆ ಸಾಲಲ್ಲಿ ಕೂತಿದ್ದವರಲ್ಲಿ ಇಬ್ಬರ ಕೈಯಲ್ಲಿ ಜನರಲ್ ನಾಲೆಡ್ಜ್ ಪುಸ್ತಕ ಇತ್ತು. ಅವತ್ತು ದುಪಟ್ಟಾ ತೆಗೆದೆ.

ಡಾಕ್ಟರ್ ಕೇಳಿದ್ದು ಬಹಳ ಸಾಮಾನ್ಯ ಪ್ರಶ್ನೆಗಳು. ಎಷ್ಟು ಗಂಟೆ ನಿದ್ದೆ ಬರುತ್ತೆ? ಊಟ ಹೇಗಿದೆ? ಮೊದಲು ಇಷ್ಟ ಆಗ್ತಿದ್ದ ಯಾವುದು ಈಗ ಇಷ್ಟ ಆಗ್ತಿಲ್ಲ? ಎಷ್ಟು ದಿನದಿಂದ? ಬದುಕೋದೇ ಬೇಡ ಅನ್ನಿಸಿದೆಯಾ? ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಕೆಲವು ದಿನ ಮಾತ್ರೆ, ಆರು ಸಲ ಭೇಟಿ. ಎರಡನೇ ಭೇಟಿಯಲ್ಲಿ ಅವರು ಹೇಳಿದ ಒಂದು ಮಾತು ಇವತ್ತಿಗೂ ನೆನಪಿದೆ: ನಿಮ್ಮ ದಿನ ಯಾವಾಗ ಮುಗಿಯುತ್ತೆ ಅಂತ ನಿಮಗೇ ಗೊತ್ತಿಲ್ಲ, ಮೊದಲು ಅದನ್ನ ಗೊತ್ತು ಮಾಡ್ಕೊಳ್ಳಿ.

ಆ ವಾರ ಊರಿಗೆ ಹೋದೆ. ಅಪ್ಪನಿಗೆ ಎಲ್ಲ ಹೇಳಿದೆ. ಮಾತ್ರೆಯ ಚೀಟಿ ಸಮೇತ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಅವರಿಗೆ ಗೊತ್ತಿರೋ ಭಾಷೇಲಿ ಮಾತಾಡಿದ್ರು. “ಬಾಕಿ ಉಳೀತು ಅಂತ ಅಂಗಡಿ ಬಾಗಲಾ ತೆರದ ಮಲಗಾಕ ಆಗತೈತೇನವ್ವಾ? ಅವತ್ತಿನ ಕೀರ್ದಿ ಅವತ್ತ ಮುಗಸೂದು. ಶಿಲ್ಕ ನಾಳಿನ ಪುಟಕ್ಕ ಒಯ್ಯೂದು. ಬಾಗಲಾ ಹಾಕೂದು.”

ಕೀರ್ದಿ ಗೊತ್ತಿಲ್ಲದೋರಿಗೆ ಹೇಳ್ತೀನಿ. ಅದು ಅಂಗಡಿಯ ದಿನದ ಲೆಕ್ಕದ ಪುಸ್ತಕ. ಬೆಳಗ್ಗೆ ಆರಂಭದ ಶಿಲ್ಕು ಬರೀತಾರೆ, ದಿನದ ಜಮಾ-ಖರ್ಚು ಬರೀತಾರೆ, ಸಂಜೆ ಆಖೈರು ಶಿಲ್ಕು ತೆಗೆದು ಗೆರೆ ಎಳೀತಾರೆ. ಯಾರೋ ಕೊಡಬೇಕಾದ ದುಡ್ಡು ಕೊಟ್ಟಿಲ್ಲ ಅಂತ ಪುಟ ಮುಗಿಸದೇ ಬಿಡಲ್ಲ. ನಾನು ಮೂರು ವರ್ಷ ಕಾಲೇಜಲ್ಲಿ ಅಕೌಂಟೆನ್ಸಿ ಓದಿದ್ದೆ, ಇದನ್ನ ನನ್ನ ದಿನಕ್ಕೆ ಹಾಕಿ ನೋಡಿರಲಿಲ್ಲ.

ಅಲ್ಲಿಂದ ನಾನು ಮಾಡಿದ್ದನ್ನ ಹೇಳ್ತೀನಿ. ನಿಮಗೆ ಹೊಂದೋದನ್ನ ತಗೊಳ್ಳಿ.

ಮೊದಲನೇದು, ದಿನದ ಕೀರ್ದಿ. ಒಂದು ಇಪ್ಪತ್ತು ರೂಪಾಯಿ ನೋಟ್‌ಬುಕ್. ಬೆಳಗ್ಗೆ ಅವತ್ತು ಓದೋ ಮೂರು ವಿಷಯ ಮಾತ್ರ ಬರೀತಿದ್ದೆ. ರಾತ್ರಿ ಒಂಬತ್ತೂವರೆಗೆ ಏನಾಯ್ತು, ಏನು ಉಳೀತು ಅಂತ ಬರೆದು, ಉಳಿದದ್ದನ್ನ ನಾಳಿನ ಪುಟಕ್ಕೆ ಒಯ್ದು, ಗೆರೆ ಎಳೀತಿದ್ದೆ. ಗೆರೆ ಎಳೆದ ಮೇಲೆ ಓದೋ ಹಾಗಿಲ್ಲ. ಮೊದಲ ವಾರ ತುಂಬಾ ತಪ್ಪಿತಸ್ಥ ಭಾವ ಬಂತು. ಬೇರೆಯವರೆಲ್ಲ ರೀಡಿಂಗ್ ರೂಮಲ್ಲಿದಾರೆ, ನಾನು ಮಾತ್ರ ಬೇಗ ಎದ್ದು ಬಂದೆ ಅಂತ. ಎರಡನೇ ವಾರ ನಿದ್ದೆ ಬಂತು. ನಿದ್ದೆ ಓದಿನ ಶತ್ರು ಅಂತ ನಮ್ಮ ತಲೇಲಿ ಕೂತಿದೆ. ಆದ್ರೆ ಹಗಲು ಓದಿದ್ದನ್ನ ಮಿದುಳು ಗಟ್ಟಿ ಮಾಡಿಕೊಳ್ಳೋದರಲ್ಲಿ ರಾತ್ರಿಯ ನಿದ್ದೆಗೆ ದೊಡ್ಡ ಪಾಲಿದೆ. ನಿದ್ದೆ ಕಡಿಮೆ ಮಾಡಿ ಓದೋದು ಅಂದ್ರೆ ತೂತಿನ ಕೊಡದಲ್ಲಿ ನೀರು ತಂದ ಹಾಗೆ. ಇನ್ನು ಚಹಾ. ಅದರ ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು ಐದು ಗಂಟೆ ಬೇಕು. ರಾತ್ರಿ ಹತ್ತರ ಚಹಾ ಮೂರು ಗಂಟೆಯವರೆಗೂ ನಿಮ್ಮ ಜೊತೆ ಎಚ್ಚರ ಇರುತ್ತೆ. ನಾನು ಸಂಜೆ ಐದರ ನಂತರ ಚಹಾ ಬಿಟ್ಟೆ.

ಎರಡನೇದು, ಸುದ್ದಿ ನೋಡೋಕೆ ಒಂದೇ ಸಮಯ. ದಿನಕ್ಕೆ ಒಂದು ಸಲ, ಸಂಜೆ ಆರಕ್ಕೆ, ಹದಿನೈದು ನಿಮಿಷ. ಅದೂ ನೇಮಕಾತಿ ನಡೆಸೋರ ಅಧಿಕೃತ ವೆಬ್‌ಸೈಟ್ ಮಾತ್ರ. ಎಲ್ಲ ಗ್ರೂಪನ್ನೂ ಮ್ಯೂಟ್ ಮಾಡಿದೆ. ‘ಏನಾದ್ರೂ ಮಿಸ್ ಆದ್ರೆ?’ ಅಂತ ನಿಮಗೆ ಈಗಲೇ ಅನ್ನಿಸ್ತಿರಬಹುದು. ಅರ್ಜಿ ಹಾಕೋಕೆ ಸಾಮಾನ್ಯವಾಗಿ ವಾರಗಟ್ಟಲೆ ಸಮಯ ಕೊಡ್ತಾರೆ, ಆರು ಗಂಟೆ ತಡವಾಗಿ ನೋಡಿದ್ರೆ ಯಾರ ಹುದ್ದೆಯೂ ಹೋಗಲ್ಲ. ನಾನು ಯಾವುದನ್ನೂ ಮಿಸ್ ಮಾಡಲಿಲ್ಲ.

ಮೂರನೇದು ಓದೋ ರೀತಿ. ಟೆನ್ಷನ್ ಆದಾಗ ನಾವೆಲ್ಲ ಮಾಡೋದು ಒಂದೇ, ಓದಿದ್ದನ್ನೇ ಮತ್ತೆ ಮತ್ತೆ ಓದೋದು. ಮಾರ್ಕರ್‌ನಿಂದ ಹಳದಿ ಬಳಿಯೋದು. ನೆನಪಿದೆ ಅನ್ನಿಸುತ್ತೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದ್ರು. ಒಂದು ಗುಂಪು ಪಾಠವನ್ನ ಮತ್ತೆ ಓದ್ತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೀತು. ಐದು ನಿಮಿಷದ ನಂತರ ಕೇಳಿದ್ರೆ ಮತ್ತೆ ಓದಿದವರು ಮುಂದೆ. ಒಂದು ವಾರದ ನಂತರ ಕೇಳಿದ್ರೆ ಪುಸ್ತಕ ಮುಚ್ಚಿ ಬರೆದವರು ಮುಂದೆ. ಪರೀಕ್ಷೆ ಯಾವಾಗ ಅಂತ ಗೊತ್ತಿಲ್ಲದ ನಮಗೆ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. ಒಂದು ಗಂಟೆ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆ ಮೇಲೆ ಬರೀರಿ. ಇದರಿಂದ ನನ್ನ ಮನಸ್ಸಿಗೂ ಒಂದು ಲಾಭ ಆಯ್ತು. ‘ನನಗೆ ಏನೂ ಬರಲ್ಲ’ ಅಂತ ಹೆದರಿಕೆ ಬಂದಾಗ, ಆ ಹಾಳೆಗಳು ಎದುರಿಗಿರ್ತಿದ್ವು. ಎಷ್ಟು ಬರುತ್ತೆ, ಎಷ್ಟು ಬರಲ್ಲ ಅಂತ ಕಣ್ಣಿಗೆ ಕಾಣ್ತಿತ್ತು. ಕಾಣೋ ತಪ್ಪನ್ನ ತಿದ್ದಿಕೊಳ್ಳಬಹುದು.

ನಾಲ್ಕನೇದು, ದಿನಕ್ಕೆ ಅರ್ಧ ಗಂಟೆ ಪರೀಕ್ಷೆಗೆ ಸಂಬಂಧವೇ ಇಲ್ಲದ ಒಂದು ಕೆಲಸ. ನಾನು ಸಂಜೆ ಕೆಲಗೇರಿ ಕೆರೆ ಕಡೆ ನಡೀತಿದ್ದೆ. ಕಿವಿಯಲ್ಲಿ ಕರೆಂಟ್ ಅಫೇರ್ಸ್ ಇಲ್ಲದೆ. ನಡೀತಾ ನಡೀತಾ ಫೋನಲ್ಲಿ ಸುಮ್ಮನೆ ಏನೇನೋ ಮಾತಾಡಿ ರೆಕಾರ್ಡ್ ಮಾಡ್ತಿದ್ದೆ. ಈ ಪಾಡ್‌ಕಾಸ್ಟ್ ಹುಟ್ಟಿದ್ದು ಅಲ್ಲಿ.

ಐದನೇದು ಕಷ್ಟದ್ದು. ಮುಗಿಸೋ ದಿನಾಂಕ.

ಕಾಮರ್ಸ್ ಓದಿದವರಿಗೆ ಸಂಕ್ ಕಾಸ್ಟ್ ಅಂದ್ರೆ ಗೊತ್ತಿರುತ್ತೆ. ಈಗಾಗಲೇ ಖರ್ಚಾಗಿ ಹೋದ, ಏನು ಮಾಡಿದ್ರೂ ವಾಪಸ್ ಬರದ ದುಡ್ಡು. ಲೆಕ್ಕಶಾಸ್ತ್ರ ಹೇಳೋದು, ಮುಂದಿನ ತೀರ್ಮಾನ ತಗೊಳ್ಳುವಾಗ ಅದನ್ನ ಸೇರಿಸಬೇಡ, ಮುಂದೆ ಬರೋ ಖರ್ಚು, ಮುಂದೆ ಬರೋ ಲಾಭ ಮಾತ್ರ ನೋಡು ಅಂತ. ‘ಮೂರು ವರ್ಷ ಹಾಕಿದೀನಿ, ಈಗ ಹೇಗೆ ಬಿಡ್ಲಿ’ ಅನ್ನೋದು ಸಂಕ್ ಕಾಸ್ಟ್ ಮಾತು. ‘ಇನ್ನೊಂದು ವರ್ಷ ಹಾಕಿದ್ರೆ ನನಗೆ ನಿಜವಾಗಿ ಎಷ್ಟು ಅವಕಾಶ ಇದೆ, ಅದಕ್ಕೆ ಮನೇಲಿ ಎಷ್ಟು ಶಕ್ತಿ ಇದೆ’ ಅನ್ನೋದು ಸರಿಯಾದ ಪ್ರಶ್ನೆ. ಉತ್ತರ ‘ಮುಂದುವರಿ’ ಅಂತಲೂ ಬರಬಹುದು, ಗಮನಿಸಿ. ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ.

ನಾನು ಹೇಳೋದು, ಈ ತೀರ್ಮಾನವನ್ನ ರಿಸಲ್ಟ್ ಬಂದ ದಿನ ತಗೋಬೇಡಿ. ಪರೀಕ್ಷೆ ಮುಂದಕ್ಕೆ ಹೋದ ರಾತ್ರಿ ತಗೋಬೇಡಿ. ಸಮಾಧಾನ ಇರೋ ಒಂದು ಭಾನುವಾರ, ಮನೆಯವರ ಜೊತೆ ಕೂತು ತಗೊಳ್ಳಿ. ನಾನು, ಅಪ್ಪ, ಅವ್ವ ಕೂತು 2022ರ ದೀಪಾವಳಿ ಪಾಡ್ಯ ಅಂತ ಗೊತ್ತು ಮಾಡಿದ್ವಿ. ಅಂಗಡಿಯಲ್ಲಿ ಹೊಸ ಪುಸ್ತಕ ಪೂಜೆ ಆಗೋ ದಿನ. ಅಲ್ಲಿಯವರೆಗೆ ಪೂರ್ತಿ ಓದು, ಮನೇಲಿ ಯಾರೂ ‘ಯಾವಾಗ’ ಅಂತ ಕೇಳೋ ಹಾಗಿಲ್ಲ, ಮದುವೆ ಮಾತು ಎತ್ತೋ ಹಾಗಿಲ್ಲ. ಆಮೇಲೆ ಕೆಲಸ ಹುಡುಕೋದು, ಬೇಕಿದ್ರೆ ಕೆಲಸದ ಜೊತೆ ಓದೋದು. ಸರ್ಕಾರದ ದಿನಾಂಕ ನಮ್ಮ ಕೈಯಲ್ಲಿಲ್ಲ. ನಮ್ಮ ದಿನಾಂಕ ನಮ್ಮ ಕೈಯಲ್ಲಿತ್ತು. ವಿಚಿತ್ರ ಅಂದ್ರೆ, ಆ ದಿನಾಂಕ ಇಟ್ಟ ಮೇಲೆ ನಾನು ಹೆಚ್ಚು ಚೆನ್ನಾಗಿ ಓದಿದೆ.

ಏನಾಯ್ತು ಅಂತ ಕೇಳ್ತೀರಲ್ಲ? ಪರೀಕ್ಷೆ ಕೊನೆಗೂ ನಡೀತು. ಬರೆದೆ. ಕಟ್‌ಆಫ್‌ಗೆ ಸ್ವಲ್ಪದರಲ್ಲಿ ತಪ್ಪಿತು. ಎರಡು ದಿನ ಅತ್ತೆ. ಪಾಡ್ಯ ಬಂತು, ಧಾರವಾಡದ ರೂಮ್ ಖಾಲಿ ಮಾಡಿದೆ. ಟ್ಯಾಲಿ, ಜಿಎಸ್‌ಟಿ ಕಲಿತು ಒಂದು ಆಡಿಟರ್ ಆಫೀಸಿಗೆ ಸೇರಿದೆ. ಇವತ್ತಿಗೂ ಬೆಳಗ್ಗೆ ಹೊತ್ತು ಅದೇ ಕೆಲಸ, ಸಂಜೆ ಈ ಮೈಕು. ನನ್ನ ರೂಮ್‌ಮೇಟ್ ಇಟ್ಟುಕೊಂಡ ದಿನಾಂಕ ನನ್ನದಕ್ಕಿಂತ ಎರಡು ವರ್ಷ ಮುಂದೆ ಇತ್ತು. ಅವಳ ಮನೇಲಿ ಅದಕ್ಕೆ ಅನುಕೂಲ ಇತ್ತು, ಅವಳ ಅಂಕಗಳು ಪ್ರತಿ ಸಲ ಏರ್ತಿದ್ವು. ಅವಳು ಈಗ ಒಂದು ತಾಲೂಕು ಕಚೇರಿಯಲ್ಲಿ ಎಸ್‌ಡಿಎ. ಅವಳ ಲೆಕ್ಕ ಅವಳಿಗೆ ಸರಿ ಇತ್ತು, ನನ್ನದು ನನಗೆ. ಗೆದ್ದವರ ವಿಡಿಯೋ ಮಾತ್ರ ಯೂಟ್ಯೂಬಲ್ಲಿ ಬರುತ್ತೆ, ಅದಕ್ಕೇ ನನ್ನಂಥವರ ಕಥೆಯೂ ಒಂದು ಇರಲಿ ಅಂತ ಹೇಳಿದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಭಾಗ. ದಯವಿಟ್ಟು ಇದನ್ನ ಸ್ಕಿಪ್ ಮಾಡಬೇಡಿ.

ಪರೀಕ್ಷೆ ಅಂದ್ಮೇಲೆ ಸ್ವಲ್ಪ ಟೆನ್ಷನ್ ಎಲ್ರಿಗೂ ಇರುತ್ತೆ. ಆದ್ರೆ ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ ಸರಿ ಇಲ್ಲ, ಊಟ ಸೇರಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಓದಿದ್ದು ತಲೆಗೆ ಹೋಗಲ್ಲ, ಸುಮ್‌ಸುಮ್ಮನೆ ಅಳು ಅಥವಾ ಸಿಟ್ಟು ಬರುತ್ತೆ ಅಂದ್ರೆ ಅದು ಸೋಮಾರಿತನ ಅಲ್ಲ. ಟೈಮ್ ಟೇಬಲ್ ಬದಲಾಯಿಸಿದ್ರೆ ಹೋಗೋದೂ ಅಲ್ಲ. ಡಾಕ್ಟರ್‌ಗೆ ತೋರಿಸಬೇಕಾದ್ದು. ‘ನಾನು ಇಲ್ಲದಿದ್ರೇ ಮನೆಯವರಿಗೆ ಹಗುರ’ ಅನ್ನೋ ಯೋಚನೆ ಒಂದೇ ಒಂದು ಸಲ ಬಂದಿದ್ರೂ ಎರಡು ವಾರ ಕಾಯಬೇಡಿ. ಇವತ್ತೇ, ಈಗಲೇ, ಪಕ್ಕದಲ್ಲಿರೋರಿಗೆ ಹೇಳಿ. ಫೋನ್ ಮಾಡಿ.

ಎಲ್ಲಿಗೆ? 14416. ಟೆಲಿ ಮಾನಸ್ ಅಂತ ಇದರ ಹೆಸರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರು ಮಾಡಿದ್ದು. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ರಾತ್ರಿ ಒಂದೂವರೆಗೆ ನನಗೆ ಮೆಸೇಜ್ ಹಾಕಿದವರೇ, ಆ ಹೊತ್ತಲ್ಲಿ ನಾನು ಮಲಗಿರ್ತೀನಿ. ಅವರು ಎಚ್ಚರ ಇರ್ತಾರೆ. ಮೊದಲ ವಾಕ್ಯ ಏನು ಹೇಳೋದು ಅಂತ ಗೊತ್ತಾಗದಿದ್ರೆ, ‘ನಾನು ಪರೀಕ್ಷೆಗೆ ಓದ್ತಿದೀನಿ, ನಿದ್ದೆ ಬರ್ತಿಲ್ಲ’ ಅಂತ ಹೇಳಿ. ಅಷ್ಟು ಸಾಕು, ಮುಂದಿನದ್ದನ್ನ ಅವರೇ ಕೇಳ್ತಾರೆ. ನೇರವಾಗಿ ಹೋಗೋದಾದ್ರೆ ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇರುತ್ತೆ. ಮನೋಚೈತನ್ಯ ಅನ್ನೋ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೂ ಬರ್ತಾರೆ. ನಿಮ್ಮ ತಾಲೂಕಲ್ಲಿ ಯಾವ ದಿನ ಅಂತ ಮೊದಲು ವಿಚಾರಿಸಿಕೊಂಡು ಹೋಗಿ.

ನಮ್ಮ ಹುಡುಗರಿಗೆ ಇರೋ ದೊಡ್ಡ ಹೆದರಿಕೆ ನನಗೆ ಗೊತ್ತು. ‘ಮನೋವೈದ್ಯರ ಹತ್ರ ಹೋದ್ರೆ ರೆಕಾರ್ಡ್ ಆಗುತ್ತೆ, ನಾಳೆ ಸರ್ಕಾರಿ ಕೆಲಸಕ್ಕೆ ತೊಂದರೆ.’ ನನಗೂ ಇತ್ತು, ಹನ್ನೊಂದು ದಿನದಲ್ಲಿ ಅರ್ಧ ದಿನ ಹೋಗಿದ್ದು ಅದಕ್ಕೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು ಅನ್ನೋದು ರೋಗಿಯ ಹಕ್ಕು. ಡಾಕ್ಟರ್ ನಿಮ್ಮ ಹೆಸರನ್ನ ಯಾವ ಪಟ್ಟಿಗೂ ಕಳಿಸಲ್ಲ. ಕೆಲಸ ಸಿಕ್ಕಾಗ ಮಾಡೋಕೆ ಆರೋಗ್ಯ ಬೇಕಲ್ಲ, ಅದಕ್ಕೆ ಹೋಗೋದು.

ರೂಮ್‌ಮೇಟ್‌ಗಳಿಗೆ ಒಂದು ಮಾತು. ನಿಮ್ಮ ಗೆಳೆಯ ಇದ್ದಕ್ಕಿದ್ದ ಹಾಗೆ ಮಾತು ಬಿಟ್ರೆ, ಊಟ ಬಿಟ್ರೆ, ತನ್ನ ಪುಸ್ತಕ-ನೋಟ್ಸ್ ಎಲ್ಲ ಬೇರೆಯವರಿಗೆ ಕೊಡೋಕೆ ಶುರು ಮಾಡಿದ್ರೆ, ‘ಏನೋ ಮೂಡಲ್ಲಿದಾನೆ’ ಅಂತ ಬಿಡಬೇಡಿ. ನೇರವಾಗಿ ಕೇಳಿ. ಕೇಳೋದರಿಂದ ಆ ಯೋಚನೆ ಅವನ ತಲೆಗೆ ಹೊಸದಾಗಿ ಬರಲ್ಲ. ಒಬ್ಬನೇ ಇರೋಕೆ ಬಿಡಬೇಡಿ, ಆಸ್ಪತ್ರೆಗೆ ಜೊತೆಗೆ ಹೋಗಿ. ನನ್ನ ಖಾನಾವಳಿ ಅಜ್ಜಿಗೆ ಸೈಕಾಲಜಿ ಗೊತ್ತಿರಲಿಲ್ಲ, ತುಂಬಿದ ಡಬ್ಬಿ ವಾಪಸ್ ಬಂದದ್ದನ್ನ ಗಮನಿಸಿದ್ರು ಅಷ್ಟೇ.

ಇದನ್ನ ಅಪ್ಪ-ಅಮ್ಮ ಯಾರಾದ್ರೂ ಕೇಳ್ತಿದ್ರೆ, ಅಥವಾ ನೀವೇ ಅವರಿಗೆ ಕಳಿಸೋದಾದ್ರೆ: ‘ಯಾವಾಗ ಬರುತ್ತೆ ರಿಸಲ್ಟ್’ ಅಂತ ಮಕ್ಕಳನ್ನ ಕೇಳಬೇಡಿ, ಅವರಿಗೂ ಗೊತ್ತಿಲ್ಲ. ಪಕ್ಕದ ಮನೆಯವರು ಕೇಳಿದ್ರೆ ನೀವೇ ಉತ್ತರ ಕೊಡಿ, ಆ ಕೆಲಸವನ್ನ ಹಬ್ಬಕ್ಕೆ ಊರಿಗೆ ಬಂದ ಮಗಳಿಗೆ ಬಿಡಬೇಡಿ. ‘ಇವತ್ತಿನ ಕೀರ್ದಿ ಮುಗೀತಾ’ ಅಂತ ಕೇಳಿ. ನಮ್ಮಪ್ಪ ಆಮೇಲೆ ಒಂದು ವರ್ಷ ದಿನಾ ಅದನ್ನೇ ಕೇಳಿದ್ರು. ಒಂಬತ್ತೂವರೆಗೆ ಫೋನ್. “ಗೆರಿ ಎಳದೇನವ್ವಾ?” “ಹೂಂನಪ್ಪಾ.” “ಹಂಗಾರ ಬಾಗಲಾ ಹಾಕು, ಮಲಕ್ಕೋ.” ಈ ಸಲ ಸುಳ್ಳು ಹೇಳೋ ಅಗತ್ಯ ಇರಲಿಲ್ಲ.

ಮೆಸೇಜ್ ಹಾಕಿದವರಿಗೆ ನನ್ನ ಉತ್ತರ ಇದು. ಕಾಯೋಕೆ ಆಗ್ತಿಲ್ಲ ಅಂತ ಬರೆದಿದ್ರಿ. ಇಡೀ ವರ್ಷವನ್ನ ಒಟ್ಟಿಗೆ ಕಾಯೋಕೆ ಯಾರಿಂದಲೂ ಆಗಲ್ಲ. ಇವತ್ತಿನ ಪುಟವನ್ನ ಇವತ್ತು ಮುಗಿಸಿ. ಒಂದು ಭಾನುವಾರ ಮನೆಯವರ ಜೊತೆ ಕೂತು ನಿಮ್ಮದೇ ಒಂದು ದಿನಾಂಕ ಬರೆದಿಡಿ. ಅದಕ್ಕೂ ಮೊದಲು, ನಾಲ್ಕು ವರ್ಷ ಅಂದ್ರಲ್ಲ, ಒಂದೂವರೆಗೆ ಎಚ್ಚರ ಇದ್ರಲ್ಲ, 14416ಕ್ಕೆ ಒಂದು ಫೋನ್ ಮಾಡಿ. ಮಾಡಿದ ಮೇಲೆ ನನಗೆ ಬರೀರಿ. ಹಗಲು ಹೊತ್ತು.

ಈ ಸಂಚಿಕೆ ಇಷ್ಟ ಆದ್ರೆ ಲೈಕ್, ಶೇರ್ ಎಲ್ಲ ಆಮೇಲೆ. ನಿಮ್ಮ ರೀಡಿಂಗ್ ರೂಮಲ್ಲಿ ಈಚೆಗೆ ಮಾತು ಕಡಿಮೆ ಮಾಡಿರೋ ಒಬ್ಬರು ಇರ್ತಾರೆ. ಅವರನ್ನ ಇವತ್ತು ಸಂಜೆ ಚಹಾಕ್ಕೆ ಕರೀರಿ. ಐದು ಗಂಟೆಯೊಳಗೆ.